ಬೇರೆಯಾದ ಜೋಡಿ

ಎಲ್ಲರೂ ಅವಳನ್ನು ಹಲ್ಲಕ್ಕ ಎನ್ನುತ್ತಿದ್ದರು. ಕಟ್ಟುಹಲ್ಲು ಮಾಡುವುದು ಅವಳ ಕಸುಬು. ಮನೆಯ ಕೆಳಗಿನ ಮುಂಗೋಣೆಯೇ ಕಾರ್ಖಾನೆ: ಕಿಟಕಿಯ ಪಕ್ಕ ಉಜ್ಜುವ ಯಂತ್ರ, ಗೋಡೆಯುದ್ದಕ್ಕೂ ಊರವರ ದವಡೆಗಳ ಬಿಳಿ ಅಚ್ಚುಗಳು. ಕೋಪ ಸದಾ ಮೂಗಿನ ತುದಿಯಲ್ಲಿ. ಹಲ್ಲು ಸಡಿಲವಾಗಿದೆಯೆಂದು ಯಾರಾದರೂ ದೂರಿದರೆ, "ಸಡಿಲ ಆಗಿರೋದು ನಿಮ್ಮ ನಾಲಿಗೆ" ಎನ್ನುವವಳು. ಮಹಡಿಯ ಮೇಲೆ ಅವಳ ತಮ್ಮನ ಸಂಸಾರ. ಅವನು ವಿಮೆ ಏಜೆಂಟ್, ಮಾತೇ ಬಂಡವಾಳ.

ಅಕ್ಕನಿಗೆ ಇದ್ದದ್ದು ಒಂದೇ ಹುಚ್ಚು, ಅಂಚೆಚೀಟಿ. ಅದರಲ್ಲೂ ಮೇಲಚ್ಚಿನ ಚೀಟಿಗಳು. ದೊಡ್ಡ ದೇಶಗಳು ಹಿಂದೆ ಕಡಲಾಚೆಯ ಪರರ ಬಂದರುಗಳಲ್ಲಿ ತಮ್ಮದೇ ಅಂಚೆ ಕಚೇರಿ ಇಟ್ಟುಕೊಂಡಿದ್ದವು. ಅಲ್ಲಿಗೆಂದು ಬೇರೆ ಚೀಟಿ ಮಾಡಿಸುವ ಗೋಜಿಗೆ ಹೋಗದೆ, ತಮ್ಮ ಚೀಟಿಯ ಮೇಲೆಯೇ ಆ ಬಂದರಿನ ಹೆಸರನ್ನು ಕಪ್ಪು ಶಾಯಿಯಲ್ಲಿ ಒತ್ತಿ ಕಳಿಸುತ್ತಿದ್ದವು. ಹಡಗು ಕಂಪನಿಯ ಗುಮಾಸ್ತನಾಗಿದ್ದ ಅಪ್ಪ ಇಂಥವನ್ನು ಜೀವಮಾನವಿಡೀ ಕೂಡಿಸಿದ್ದ. ಅದರಲ್ಲೊಂದು ಜೋಡಿ: ಅಂಟಿಕೊಂಡ ಎರಡು ಚೀಟಿ, ಒಂದರ ಮೇಲೆ ಬಂದರಿನ ಹೆಸರಿದೆ, ಅಚ್ಚೊತ್ತುವಾಗ ಹಾಳೆ ಜಾರಿದ್ದರಿಂದ ಇನ್ನೊಂದರ ಮೇಲೆ ಇಲ್ಲ. ಜೊತೆಗಿದ್ದರಷ್ಟೇ ಅದು ಅಪರೂಪ. ಬೇರೆ ಮಾಡಿದರೆ ಎರಡೂ ಯಾರ ಪೆಟ್ಟಿಗೆಯಲ್ಲಾದರೂ ಸಿಗುವಂಥ ಮಾಮೂಲಿ ಚೀಟಿಗಳು.

ಅಪ್ಪ ಸತ್ತ ಮೇಲೆ ಚೀಟಿಗಳಿದ್ದ ಬೀರು ಕೆಳಗೆ ಅಕ್ಕನ ಬಳಿಯೇ ಉಳಿಯಿತು. ತಮ್ಮ ಅದರ ಮಾತೆತ್ತಿರಲಿಲ್ಲ. ಚೀಟಿ ಸಂಗ್ರಾಹಕರ ಸಂಘದವರು ವಾಚನಾಲಯದಲ್ಲಿ ಪ್ರದರ್ಶನ ಇಟ್ಟಾಗ ಹಲ್ಲಕ್ಕ ನೋಡಲು ಹೋದಳು. ಒಳಬಾಗಿಲಿನ ಎದುರಿಗೇ, ಗಾಜಿನ ಪೆಟ್ಟಿಗೆಯೊಳಗೆ ಅಪ್ಪನ ಜೋಡಿ. ಕೆಳಗೆ ತಮ್ಮನ ಹೆಸರು, ಅವನೊಬ್ಬನದೇ. ಪಕ್ಕದಲ್ಲಿ ಅವನು ಹೊಸ ಕೋಟು ತೊಟ್ಟು ಹಲ್ಲು ಕಿರಿಯುತ್ತ ನಿಂತಿದ್ದ. ಅವಳು ಆಸ್ಪತ್ರೆಗೆ ಹೋಗಿದ್ದಾಗ ಬೀರು ತೆಗೆದಿದ್ದ.

"ಕೇಳದೆ ತಗೊಂಡ್ರೆ ಅದನ್ನ ಕಳ್ಳತನ ಅಂತಾರೆ," ಎಂದಳು ಅಕ್ಕ, ಎಲ್ಲರಿಗೂ ಕೇಳುವಂತೆ.

"ಅವರು ನನಗೂ ಅಪ್ಪನೇ. ನನ್ನದೂ ಅರ್ಧ ಇದೆ."

"ಅರ್ಧ ಬೇಕಾ?"

ಸಂಘದ ಅಧ್ಯಕ್ಷರು ನಡುವೆ ಬರುವಷ್ಟರಲ್ಲಿ ಅವಳು ಗಾಜಿನ ಮುಚ್ಚಳ ಎತ್ತಿಯಾಗಿತ್ತು. ಜೋಡಿಯನ್ನು ತೂತುಗಳ ಗೆರೆಗೆ ಸರಿಯಾಗಿ ಮಡಚಿ, ಹರಿದು, ಹೆಸರಿಲ್ಲದ ತುಂಡನ್ನು ತಮ್ಮನ ಕೋಟಿನ ಜೇಬಿಗೆ ತುರುಕಿದಳು. "ತಗೋ. ಇದಕ್ಕೆ ನಿನ್ನ ಹೆಸರು ಬರ್ಕೋ." ಅಧ್ಯಕ್ಷರು ಮನೆಯಲ್ಲಿ ಸಾವಾದವರ ಹಾಗೆ ಕುರ್ಚಿಯ ಮೇಲೆ ಕುಸಿದರು. ಸಂಘ ಅವಳ ಸದಸ್ಯತ್ವ ಕಿತ್ತುಹಾಕಿತು.

ಅಂದಿನಿಂದ ಅಕ್ಕ ತಮ್ಮ ಎಣ್ಣೆ ಸೀಗೆಕಾಯಿ. ಅವನು ಮೆಟ್ಟಿಲಿಳಿದರೆ ಇವಳು ಯಂತ್ರ ಜೋರು ಮಾಡುತ್ತಿದ್ದಳು. ಇವಳ ಗಿರಾಕಿಗಳ ಮುಂದೆಯೇ ಅವನು, "ಹುಷಾರು, ಅವಳಿಗೆ ಹರಿಯೋಕೂ ಬರುತ್ತೆ" ಎಂದು ಹಾದುಹೋಗುತ್ತಿದ್ದ.

ವರ್ಷಗಳ ಮೇಲೆ ತಮ್ಮ ಬಚ್ಚಲಲ್ಲಿ ಜಾರಿ ಮೇಲಿನ ಹಲ್ಲುಗಳನ್ನೆಲ್ಲ ಮುರಿದುಕೊಂಡ. ಹಟಕ್ಕೆ ಬೇರೆ ಕಡೆ ಕಟ್ಟುಹಲ್ಲು ಮಾಡಿಸಿದ. ಅದು ಮಾತಿಗೊಮ್ಮೆ ಟಕ್ ಎನ್ನುತ್ತಿತ್ತು. ವಿಮೆಯ ಮಾತೆತ್ತಿದರೆ ಎದುರಿನವರು ನಗು ತಡೆಯಲು ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದರು. ಕೊನೆಗೆ ಹೆಂಡತಿ ಅವನನ್ನು ಎಳೆದುಕೊಂಡು ಬಂದು ಅಕ್ಕನ ಕುರ್ಚಿಯಲ್ಲಿ ಕೂರಿಸಿದಳು.

ಹಲ್ಲಕ್ಕ ಅಚ್ಚಿನ ಪೇಸ್ಟು ಕಲಸಿದಳು, ದವಡೆಯಾಕಾರದ ತಟ್ಟೆಗೆ ತುಂಬಿದಳು, ಅವನ ಬಾಯಿಗಿಟ್ಟು ಬೆರಳಿಂದ ಒತ್ತಿ ಹಿಡಿದಳು. ಅದು ಗಟ್ಟಿಯಾಗುವ ತನಕ ಅವನು ಮಿಸುಕುವಂತಿಲ್ಲ. ಆಗ ಶುರು ಮಾಡಿದಳು.

"ಕಳ್ಳ. ಅಪ್ಪ ಆ ಜೋಡೀನ ಕಣ್ಣಿಗೊತ್ಕೊಂಡು ನೋಡ್ತಿದ್ರು. ನೀನು ಅದನ್ನ ಅಂಗಡಿ ಬೊಂಬೆ ಥರ ನಿಲ್ಲಿಸ್ದೆ. ನಾನು ಹರಿದೆ, ಹೌದು. ಅದು ನಿನ್ನ ಹೆಸರಿನ ಕೆಳಗೆ ಇರೋದಕ್ಕಿಂತ ಹಾಳಾಗೋದೇ ವಾಸಿ ಅನ್ನಿಸ್ತು. ಇವತ್ತಿಗೂ ಹಾಗೇ ಅನ್ನಿಸುತ್ತೆ."

ಅವನ ಕಣ್ಣು ಕೆಂಪಾಗಿತ್ತು, ಗಲ್ಲದ ಮೇಲೆ ಜೊಲ್ಲು ಇಳಿಯುತ್ತಿತ್ತು. ಅವಳು ಅಚ್ಚನ್ನು ಎಳೆದು ತೆಗೆದಳು. ಅವನು ಬಾಯಿ ಒರೆಸಿಕೊಂಡ.

"ಮುಗೀತಾ? ಈಗ ನನ್ನ ಮಾತು ಕೇಳು. ಅಪ್ಪ ಆ ಬೀರು ತೆಗೆದಾಗೆಲ್ಲ ನೀನು ಮಡಿಲಲ್ಲಿ, ನಾನು ಬಾಗಿಲಲ್ಲಿ. ಒಂದ್ಸಲನೂ ಬಾ ಅನ್ನಲಿಲ್ಲ. ನಾಲ್ಕು ಜನ ಒಂದು ದಿನ ನನ್ನದು ಅಂತ ನೋಡ್ಲಿ ಅಂದ್ಕೊಂಡೆ."

"ಕೇಳ್ಬೇಕಿತ್ತು."

"ಕೇಳಿದ್ರೆ ಕೊಡ್ತಿದ್ಯಾ?"

ಹಲ್ಲಕ್ಕ ಅಚ್ಚನ್ನು ಬೆಳಕಿಗೆ ಹಿಡಿದು ನೋಡಿದಳು. "ಇಲ್ಲ," ಎಂದಳು. "ಮುಂದಿನ ವಾರ ಬಾ."

ಹಲ್ಲು ಹೇಳಿ ಮಾಡಿಸಿದಂತೆ ಕೂತಿತು. ತಮ್ಮನ ಮಾತು ಮತ್ತೆ ಅರಳು ಹುರಿದ ಹಾಗಾಯಿತು. ಬೀದಿಯವರಿಗೆಲ್ಲ ನಕ್ಕ, ಅಕ್ಕ ಎದುರಾದರೆ ಮಾತ್ರ ತುಟಿ ಬಿಗಿದ.

ಅಧ್ಯಕ್ಷರು ಒಮ್ಮೆ ಮನೆಗೇ ಬಂದರು. ಎರಡು ತುಂಡನ್ನೂ ಕೊಟ್ಟರೆ ಹಿಂದಿನಿಂದ ಕಾಗದ ಅಂಟಿಸಿ ಕೂಡಿಸುವೆ, ಹಳೆಯ ಬೆಲೆ ಬರದಿದ್ದರೂ ಒಟ್ಟಿಗಾದರೂ ಇರುತ್ತವೆ ಎಂದು ಅಂಗಲಾಚಿದರು.

"ಅವಳು ತನ್ನದನ್ನ ಮೇಲೆ ತರ್ಲಿ," ಎಂದ ತಮ್ಮ, ಮಹಡಿಯಿಂದ.

"ಅವನದು ಕೆಳಗೆ ಇಳೀಲಿ," ಎಂದಳು ಅಕ್ಕ.

ಅಧ್ಯಕ್ಷರು ಮೆಟ್ಟಿಲ ನಡುವೆ ನಿಂತು ಮೇಲೊಮ್ಮೆ ಕೆಳಗೊಮ್ಮೆ ನೋಡಿ, ಛತ್ರಿ ಎತ್ತಿಕೊಂಡು ಹೊರಟುಹೋದರು.