ಹಡಗಿನ ಊಟಕ್ಕೆ ಜರಿ ರುಮಾಲು

ಗೆಳತಿಯರೇ, ಇವತ್ತು ಸಂಜೆ ನಾನು ಹಡಗಿನಲ್ಲಿ ಊಟ ಮಾಡಿದೆ! ಬಂದರಿನಲ್ಲಿ ನಿಂತಿರುವ ದೊಡ್ಡ ವಿಹಾರದ ಹಡಗಿನಲ್ಲಿ ನಮ್ಮ ಅಳಿಯ ಎಂಜಿನಿಯರ್. ನಮ್ಮನ್ನೆಲ್ಲ ಅವನೇ ಕರೆದಿದ್ದ. ಗೋರೆಗಾಂವ್‌ನ ನಮ್ಮ ಮನೆ ಬಿಡುವಾಗಲೇ ಮಗಳು ಟೆರಿಲಿನ್ ಸೂಟು, ಟೈ ಹಿಡಿದು ಅಪ್ಪನ ಬೆನ್ನು ಹತ್ತಿದ್ದಳು. ನಾನು ಬಿಡಲಿಲ್ಲ. ನಮ್ಮವರಿಗೆ ಕಚ್ಚೆ ಧೋತರ ಉಡಿಸಿ, ಕರಿ ಕೋಟು ತೊಡಿಸಿ, ಜರಿ ರುಮಾಲು ಸುತ್ತಿಸಿಯೇ ಕರೆದೊಯ್ದೆ.

ಊಟದ ಹಾಲಿನ ಬಾಗಿಲಲ್ಲಿ ಬಡಿಸುವವನೊಬ್ಬ ತಡೆದ. ಮಂಗಳೂರು ಕಡೆಯವನು. "ಟೈ ಇಲ್ಲದೆ ಬಿಡ್ಲಿಕ್ಕಿಲ್ಲ ಅಮ್ಮ, ರೂಲ್ಸ್ ಉಂಟು." ನೋಡಿದರೆ ಅವನ ತಲೆಯ ಮೇಲೂ ಜರಿ ರುಮಾಲು! ಅದು ಅವನ ಯೂನಿಫಾರ್ಮ್ ಅಂತೆ.

"ಕೊಳ್ಳಾಗ ಗೇಣು ಬಟ್ಟಿ ಕಟ್ಟಿದಾವ ಸಾಹೇಬ ಆದ್ರ, ತಲಿಗೆ ಹತ್ತು ಗಜ ಸುತ್ತಿದಾವ ಯಾರಪ್ಪಾ?" ಎಂದೆ. ಅಷ್ಟರಲ್ಲಿ ಅಲ್ಲಿಗೆ ಬಂದ ಹಡಗಿನ ಕ್ಯಾಪ್ಟನ್‌ಗೆ ಅಳಿಯ ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ಕ್ಯಾಪ್ಟನ್ ನಕ್ಕು, ತಾನೇ ಒಳಗೆ ಕರೆದೊಯ್ದ.

ಕೂತು ಎರಡು ತುತ್ತು ತಿಂದಿಲ್ಲ, ಪಕ್ಕದ ಮೇಜಿನ ಮೇಮ್ ನಮ್ಮವರ ರುಮಾಲು ನೋಡಿ, ಬಡಿಸುವವರೆಂದು ತಿಳಿದು, "ವಾಟರ್ ಪ್ಲೀಸ್" ಎಂದು ಲೋಟ ಚಾಚಿದಳು. ಮಗಳು ತಲೆ ತಗ್ಗಿಸಿದಳು. ನಮ್ಮವರು ಎದ್ದು ನೀರು ಹಾಕಿದರು. ಮನೆಯಲ್ಲಿ ಒಂದು ದಿನವೂ ತಾವಾಗಿ ನೀರು ತೆಗೆದುಕೊಂಡು ಕುಡಿದವರಲ್ಲ.

ನಾನೂ ತಡಮಾಡದೆ ನನ್ನ ಲೋಟ ಚಾಚಿದೆ.