ನವಮಿಯ ಥಾಲಿಪೆಟ್ಟು

ದಾದರ್ ಸ್ಟೇಷನ್ನಿನ ಹೊರಗೆ, ಹೂವಿನ ಅಂಗಡಿಗಳು ಮುಗಿಯುವಲ್ಲಿ ಒಬ್ಬಾಕೆ ಥಾಲಿಪೆಟ್ಟು ಮಾಡಿ ಮಾರುತ್ತಾಳೆ. ಮೊನ್ನೆ ಸಂಜೆ ಆಫೀಸಿನಿಂದ ಬರುವಾಗ, ಹಂಚಿನ ಮೇಲೆ ಉಳ್ಳಾಗಡ್ಡಿ ಕೆಂಪಗಾಗುವ ವಾಸನೆ ಮೂಗಿಗೆ ಬಡಿಯಿತು. ಹಸಿವಾಗಿತ್ತು, ಆದರೂ ನಿಲ್ಲಲಿಲ್ಲ. ಆ ವಾಸನೆಗೆ ಎಲ್ಲರ ಬಾಯಲ್ಲೂ ನೀರೂರಿದರೆ ನನಗೆ ಸಿಟ್ಟು ಬರುತ್ತದೆ.

ಜೋಗೇಶ್ವರಿಯ ಹಳೆಯ ಬಿಲ್ಡಿಂಗಿನಲ್ಲಿ ನನ್ನ ಪಕ್ಕದ ಖೋಲಿ ಕಾಕುವಿನದಾಗಿತ್ತು. ಬೆಳಗಾವಿಯವರು, ಚಿಕ್ಕಮ್ಮನ ವಯಸ್ಸಿನವರಾದ್ದರಿಂದ ಕಾಕು ಎನ್ನುತ್ತಿದ್ದೆ. ಧಾರವಾಡದಿಂದ ಒಬ್ಬಳೇ ನೌಕರಿಗೆ ಬಂದ ನನ್ನನ್ನು ಮೊದಲ ವಾರವೇ ಊಟಕ್ಕೆ ಕರೆದರು. ಆಮೇಲೆ ಅವರು ಕರೆಯುವುದನ್ನು ಬಿಟ್ಟರು, ನಾನೇ ತಟ್ಟೆ ಹಾಕಿಕೊಂಡು ಕೂರತೊಡಗಿದೆ. ಮೆಟ್ಟಿಲ ಕೆಳಗೆ ಸಿಕ್ಕ ಬೆಕ್ಕಿನ ಮರಿಯನ್ನು ನಾನು ಎತ್ತಿ ತಂದಾಗ ಅದಕ್ಕೆ ಬೋಕ್ಯಾ ಎಂದು ಹೆಸರಿಟ್ಟವರೂ ಅವರೇ. ನಾನು ಆಫೀಸಿನಿಂದ ಬರುವವರೆಗೆ ಬೋಕ್ಯಾ ಅವರ ತೊಡೆ ಬಿಟ್ಟು ಇಳಿಯುತ್ತಿರಲಿಲ್ಲ...

ಒಂದು ವರ್ಷ ಆಷಾಢದಲ್ಲಿ ಆಫೀಸಿನ ಕೆಲಸಕ್ಕೆ ನಾಲ್ಕು ದಿನ ಪುಣೆಗೆ ಹೋಗಬೇಕಾಯಿತು. ಬೀಗದ ಕೈ ಕಾಕುವಿಗೆ ಕೊಟ್ಟೆ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಹಸಿಯಿರಲಿ ಬೇಯಿಸಿದ್ದಿರಲಿ, ಬೆಕ್ಕಿನ ರಕ್ತವನ್ನೇ ಕೆಡಿಸುತ್ತವೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅವೆರಡನ್ನೂ, ಜೊತೆಗೆ ಚಾಕೊಲೇಟನ್ನೂ ಕೊಡಬಾರದೆಂದು ಒಂದು ಚೀಟಿಯಲ್ಲಿ ಕನ್ನಡದಲ್ಲೇ ಬರೆದು ಫ್ರಿಜ್ಜಿಗೆ ಅಂಟಿಸಿದೆ. ಕಾಕು ಗಟ್ಟಿಯಾಗಿ ಓದಿ ನಕ್ಕರು. "ಬಾಣಂತಿಗೂ ಇಷ್ಟು ಪಥ್ಯ ಹೇಳೂದಿಲ್ಲವ್ವಾ," ಎಂದರು. ನಾನೂ ನಕ್ಕೆ.

ಏಕಾದಶಿಯ ಸಂಜೆ ಬಂದೆ. ಬೋಕ್ಯಾ ಬಾಗಿಲಿಗೆ ಬರಲಿಲ್ಲ. ಹಾಸಿಗೆಯ ಮೂಲೆಯಲ್ಲಿ ಮುದುಡಿಕೊಂಡು ಏದುಸಿರು ಬಿಡುತ್ತಿತ್ತು. ತುಟಿ ಸರಿಸಿ ನೋಡಿದರೆ ಒಸಡು ಬೆಳ್ಳಗೆ. ಉಚ್ಚೆ ಹಾಲಿಲ್ಲದ ಚಹಾದ ಬಣ್ಣ. ರಿಕ್ಷಾದಲ್ಲಿ ಡಾಕ್ಟರರ ಹತ್ತಿರ ಓಡಿದೆವು. ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದವರು ಕಾಕು. ದಾರಿಯುದ್ದಕ್ಕೂ ವಿಠ್ಠಲ, ವಿಠ್ಠಲ ಎನ್ನುತ್ತಿದ್ದರು.

ಉಳ್ಳಾಗಡ್ಡಿ, ಬೆಳ್ಳುಳ್ಳಿ ಏನಾದರೂ ತಿಂದಿದೆಯಾ ಎಂದು ಡಾಕ್ಟರು ಹಿಂದಿಯಲ್ಲಿ ಎರಡು ಸಲ ಕೇಳಿದರು. ನಾನು ಕಾಕುವಿನ ಕಡೆ ತಿರುಗಿದೆ.

"ಏನೂ ಇಲ್ಲವ್ವಾ. ನೀ ಇಟ್ಟ ಡಬ್ಬಿದಷ್ಟ ಹಾಕೀನಿ," ಎಂದರು. ಅವರ ಕೈ ಬೋಕ್ಯಾನ ಬೆನ್ನ ಮೇಲಿತ್ತು.

ನನ್ನ ತಾಯಿ ಹೇಳಿದ್ದರೂ ಅಷ್ಟು ನಂಬುತ್ತಿದ್ದೆನೋ ಇಲ್ಲವೋ. ಇಲ್ಲವಂತೆ ಎಂದು ಡಾಕ್ಟರಿಗೆ ನಾನೇ ಹೇಳಿದೆ. ಅವರು ಯಾವುದೋ ಸೋಂಕು ಇರಬೇಕೆಂದು ಔಷಧ ಶುರು ಮಾಡಿದರು. ಎರಡು ದಿನ ಕಳೆದವು. ಮೂರನೆಯ ದಿನ ಬೆಳಿಗ್ಗೆ ಬೋಕ್ಯಾ ಇರಲಿಲ್ಲ.

ಅದರ ಹಾಸಿಗೆ ತೆಗೆಯುವಾಗ ಅಡಿಯಲ್ಲಿ ಥಾಲಿಪೆಟ್ಟಿನ ಒಣಗಿದ ಚೂರುಗಳು ಸಿಕ್ಕವು. ಬೆಣ್ಣೆಯ ಜಿಡ್ಡು, ನಡುವೆ ಕಪ್ಪಗಾದ ಉಳ್ಳಾಗಡ್ಡಿ. ಆಗ ನೆನಪಾಯಿತು. ಆಷಾಢ ಏಕಾದಶಿಯಿಂದ ಚಾತುರ್ಮಾಸದ ನಾಲ್ಕು ತಿಂಗಳು ಕಾಕು ಉಳ್ಳಾಗಡ್ಡಿ ಮುಟ್ಟುತ್ತಿರಲಿಲ್ಲ. ಅದಕ್ಕೇ ಮರಾಠಿ ಮಂದಿಯ ಹಾಗೆ ನವಮಿಯ ದಿನ ಮನೆಯಲ್ಲಿದ್ದ ಉಳ್ಳಾಗಡ್ಡಿಯನ್ನೆಲ್ಲ ಭಜಿ, ಥಾಲಿಪೆಟ್ಟು ಮಾಡಿ ಮುಗಿಸುತ್ತಿದ್ದರು. ಉಳಿದದ್ದನ್ನು ಏಕಾದಶಿಗೆ ಮನೆಯಲ್ಲಿ ಇಡುವಂತಿಲ್ಲ. ಅನ್ನ ಚೆಲ್ಲುವಂತೆಯೂ ಇಲ್ಲ. ಪ್ರತಿ ವರ್ಷ ನನ್ನ ತಟ್ಟೆಗೆ ಬೀಳುತ್ತಿದ್ದ ಆ ಪಾಲು, ನಾನು ಊರಲ್ಲಿಲ್ಲದ ಆ ಒಂದು ವರ್ಷ ಬೆಣ್ಣೆ ಕಲಸಿಕೊಂಡು ಬೋಕ್ಯಾನ ತಟ್ಟೆಗೆ ಬಿದ್ದಿತ್ತು.

ಚೂರನ್ನು ಅಂಗೈಯಲ್ಲಿಟ್ಟುಕೊಂಡು ಹೋಗಿ ಅವರ ಮುಂದೆ ಹಿಡಿದೆ. ಚೀಟಿಯಲ್ಲಿ ಬರೆದದ್ದು ಹಸಿ ಉಳ್ಳಾಗಡ್ಡಿಗೆ ಅಂದುಕೊಂಡಿದ್ದರಂತೆ, ಎರಡು ದಿನವೂ ಆಸೆಯಿಂದ ತಿಂದಿತಂತೆ. ಅದನ್ನೆಲ್ಲ ಕೇಳಲು ನಾನು ಹೋಗಿರಲಿಲ್ಲ. ಡಾಕ್ಟರು ಕೇಳಿದಾಗ ಯಾಕೆ ಹೇಳಲಿಲ್ಲ ಎಂದೆ.

"ನಿನ್ನ ಮುಂದ ಹೆಂಗ ಹೇಳ್ಲೆವ್ವಾ? ಚೀಟಿ ಓದಿ ನಕ್ಕಾಕಿ ನಾನ ಇದ್ದೆ."

ಮೊದಲ ದಿನವೇ ಗೊತ್ತಾಗಿದ್ದರೆ ಅದಕ್ಕೆ ರಕ್ತ ಕೊಡಿಸಿ ನೋಡಬಹುದಿತ್ತು, ಉಳಿಯುತ್ತಿತ್ತೆಂದು ಹೇಳಲಾರೆ ಎಂದರು ಡಾಕ್ಟರು. ಥಾಲಿಪೆಟ್ಟು ತಿನ್ನಿಸಿದ್ದನ್ನು ನಾನು ಎಂದೋ ಕ್ಷಮಿಸಿದ್ದೇನೆ, ಅದು ಗೊತ್ತಿಲ್ಲದೆ ಆದದ್ದು. ಆದರೆ ಆ 'ಏನೂ ಇಲ್ಲವ್ವಾ'... ನನ್ನೆದುರು ಮುಖ ಉಳಿಸಿಕೊಳ್ಳುವುದಕ್ಕೆ ಅವರು ಎರಡು ದಿನ ಬೋಕ್ಯಾ ಸಾಯುವುದನ್ನು ನೋಡುತ್ತ ಕೂತರು. ಬೀಗದ ಕೈ ವಾಪಸು ಇಸಿದುಕೊಂಡೆ. ಮತ್ತೆ ಅವರ ಮನೆಯಲ್ಲಿ ಉಣ್ಣಲಿಲ್ಲ.

ಬಿಲ್ಡಿಂಗು ಒಡೆಯುವ ಹೊತ್ತಿಗೆ ಕಾಕು ಬೆಳಗಾವಿಗೆ ಹೋದರು. ಹೋದ ವರ್ಷ ಒಂದು ಮಧ್ಯಾಹ್ನ ಅವರ ಫೋನು ಬಂತು. ದನಿ ಬಹಳ ಸಣ್ಣಗಾಗಿತ್ತು. ಮಳೆ, ಮೊಣಕಾಲು ನೋವು ಎಲ್ಲ ಮಾತಾಡಿ ಕೊನೆಗೆ, "ಇನ್ನೂ ನನ್ನ ಮ್ಯಾಲೆ ಸಿಟ್ಟದ ಏನವ್ವಾ?" ಎಂದು ಕೇಳಿದರು.

"ಏನೂ ಇಲ್ರೀ ಕಾಕು," ಎಂದೆ.

ತಿಂಗಳೊಳಗೆ ಅವರು ತೀರಿಹೋದ ಸುದ್ದಿ ಬಂತು. ಮೊನ್ನೆ ದಾದರಿನಲ್ಲಿ, ಲೋಕಲ್ ಹಿಡಿಯಲು ಸೇತುವೆ ಹತ್ತಿದ ಮೇಲೂ ಆ ವಾಸನೆ ನನ್ನ ದುಪಟ್ಟಾದಲ್ಲಿ ಉಳಿದಿತ್ತು. ಕಾಕುವಿಗೆ ನಾನು ಹೇಳಿದ ಸುಳ್ಳು ಅದೊಂದೇ. ಎಷ್ಟು ಸಲೀಸಾಗಿ ಬಂದಿತ್ತು ಬಾಯಿಗೆ.