ಬಾಣಂತಿ ಕೋಣೆಯ ಕಾರ್ಬನ್

ನಾನು ಪರಮಾಣುವಿನ ಪಾಠ ಕಲಿತದ್ದು ಕಿವಿಯಿಂದ. ಆ ಕಿವಿಗಳಿಗೂ ಹತ್ತಿ ತುರುಕಿ ಮೇಲೆ ಬಟ್ಟೆ ಬಿಗಿದಿದ್ದರು. ಎಪ್ಪತ್ತರ ದಶಕದ ಮಾತು. ಆಳಂದದ ತವರಿನಲ್ಲಿ ಚೊಚ್ಚಲ ಹೆರಿಗೆಯಾಗಿ, ಹೆಣ್ಣು ಕೂಸನ್ನು ಪಕ್ಕದಲ್ಲಿಟ್ಟುಕೊಂಡು ಹೊರಸಿನ ಮೇಲೆ ಬಿದ್ದಿದ್ದೆ. ಹೊರಸಿನ ಕೆಳಗೆ ಇದ್ದಿಲ ಬೆಂಕಿ, ಅದರ ಮೇಲೆ ಅಜವಾನ, ಬೆಳ್ಳುಳ್ಳಿ ಸಿಪ್ಪೆಯ ಹೊಗೆ. ಇದ್ದ ಒಂದು ಕಿಟಕಿಯನ್ನೂ ಗಾಳಿ ಹೊಕ್ಕೀತೆಂದು ಗೋಣಿಚೀಲ ತುರುಕಿ ಮುಚ್ಚಿದ್ದರು. ಬಂದವರೆಲ್ಲ ಆರೈಕೆ ಚೆನ್ನಾಗಿದೆ ಎಂದು ಹೊಗಳಿ ಹೋಗುತ್ತಿದ್ದರು. ಒಳಗೆ ಬೇಯುತ್ತಿದ್ದವಳು ನಾನು.

ಎರಡು ವಾರ ಕಳೆದರೆ ನನ್ನ ಪಿಯುಸಿ ಕೆಮಿಸ್ಟ್ರಿ ಪರೀಕ್ಷೆ. ಹಿಂದಿನ ಸಲ ಬಸಿರಿನ ವಾಂತಿ ತಡೆಯಲಾಗದೆ ಅರ್ಧಕ್ಕೇ ಎದ್ದು ಬಂದು ಅದೊಂದೇ ವಿಷಯದಲ್ಲಿ ನಪಾಸಾಗಿದ್ದೆ. ಜೇವರ್ಗಿ ಕಡೆಯ ನಮ್ಮ ಮಾವನವರು ದೊಡ್ಡ ಒಕ್ಕಲುತನದವರು. ಈ ಸಲ ಪಾಸಾದರೆ ಕಲಬುರ್ಗಿಗೆ ಟೀಚರ್ ಟ್ರೇನಿಂಗಿಗೆ ಕಳಿಸುತ್ತೇವೆ, ಇಲ್ಲದಿದ್ದರೆ ಓದಿನ ಮಾತೇ ಎತ್ತಬಾರದು ಎಂದು ನಾಲ್ಕು ಜನರ ಮುಂದೆ ಹೇಳಿಬಿಟ್ಟಿದ್ದರು. ಆಡಿದ ಮಾತಿಗೆ ತಪ್ಪುವ ಜನವಲ್ಲ. ಪಾಸಾದರೆ ಕಳಿಸುತ್ತಿದ್ದರು, ನಪಾಸಾದರೆ ಕೂರಿಸುತ್ತಿದ್ದರು. ಪರೀಕ್ಷೆಯ ದಿನ ಟಾಂಗಾದಲ್ಲಿ ಹೊದಿಸಿ ಕರೆದೊಯ್ದು ತರುತ್ತೇನೆಂದು ಅವ್ವ ಒಪ್ಪಿದ್ದಳು. ಅವ್ವನ ಅವ್ವ, ನಮ್ಮ ಆಯಿ, ಹೂಂ ಅನ್ನದಿದ್ದರೂ ಊಹೂಂ ಅಂದಿರಲಿಲ್ಲ.

ಆದರೆ ಬಾಣಂತಿ ಓದಬಾರದು, ಕಣ್ಣು ಹೋಗುತ್ತವೆ ಎಂದು ಆಯಿ ನನ್ನ ಪುಸ್ತಕವನ್ನು ಜೋಳದ ಚೀಲಗಳ ಸಂದಿಗೆ ಸೇರಿಸಿದ್ದಳು. ನಮ್ಮದು ಶರಣರ ಮನೆ, ಇಷ್ಟಲಿಂಗ ಬಿಟ್ಟು ಬೇರೆ ದೇವರಿಲ್ಲ ಎಂದು ಅಪ್ಪ ಕಟ್ಟೆಯ ಮೇಲೆ ಕೂತು ಊರಿಗೆಲ್ಲ ಹೇಳುತ್ತಿದ್ದ. ಬಾಣಂತಿ ಕೋಣೆಗೆ ಆ ಮಾತು ಬರುತ್ತಿರಲಿಲ್ಲ. ಅಲ್ಲಿ ಆಯಿಯದೇ ರಾಜ್ಯ.

ದಾರಿ ಹುಡುಕಿದವಳು ಹಿಂದಿನ ಓಣಿಯ ಮುಸ್ಲಿಮರ ಮನೆಯ ಗೆಳತಿ. ನನ್ನ ಜೊತೆಗೇ ಓದಿ ಪಾಸಾದವಳು. ಓದಬಾರದು ನಿಜ, ಕೇಳಬಾರದು ಅಂತ ಯಾರೂ ಹೇಳಿಲ್ಲವಲ್ಲ ಆಯಿ ಎಂದು ನಯವಾಗಿ ಕೇಳಿ, ತನ್ನ ಪುಸ್ತಕ ತಂದು ಹೊಸ್ತಿಲಾಚೆ ಕುಳಿತಳು. ಇಂಗ್ಲಿಷಿನಲ್ಲಿ ಓದುವುದು, ಕನ್ನಡದಲ್ಲಿ ಬಿಡಿಸಿ ಹೇಳುವುದು, ತನಗೇ ಗೊಂದಲವಾದರೆ ತನ್ನ ಮನೆಯ ಉರ್ದುವಿನಲ್ಲಿ ಬೈದುಕೊಳ್ಳುವುದು. ಹತ್ತಿ ಬಟ್ಟೆ ದಾಟಿ ಕೇಳಿಸಬೇಕಾದ್ದರಿಂದ ಕೂಗಿಯೇ ಹೇಳುತ್ತಿದ್ದಳು. ನಡುವೆ ನ್ಯೂಕ್ಲಿಯಸ್, ಅದರೊಳಗೆ ಪ್ರೋಟಾನು, ನ್ಯೂಟ್ರಾನು, ಸುತ್ತಲೂ ತಮ್ಮ ತಮ್ಮ ಕಕ್ಷೆ ಬಿಟ್ಟು ಕದಲದ ಎಲೆಕ್ಟ್ರಾನುಗಳು ಎಂದು ಓಣಿಗೆಲ್ಲ ಕೇಳುತ್ತಿತ್ತು. ಹೊರಗಿನಿಂದ ಶಕ್ತಿ ಸಿಕ್ಕರೆ ಮಾತ್ರ ಎಲೆಕ್ಟ್ರಾನು ಮೇಲಿನ ಕಕ್ಷೆಗೆ ಜಿಗಿಯುತ್ತದಂತೆ. ನನಗೆ ಸಿಗುತ್ತಿದ್ದದ್ದು ಅಂಟಿನುಂಡಿ.

ಐಸೋಟೋಪು ನನಗೆ ಕೂಡಲೇ ಅರ್ಥವಾಯಿತು. ಪ್ರೋಟಾನು ಅಷ್ಟೇ, ನ್ಯೂಟ್ರಾನು ಬೇರೆ. ತೂಕ ಬದಲಾಗುತ್ತದೆ, ಗುಣ ಬದಲಾಗುವುದಿಲ್ಲ. ಮದುವೆಯಾಗಿ, ಬಸಿರಾಗಿ, ಹೆತ್ತು ನನ್ನ ತೂಕ ಏನೇನೋ ಆಗಿತ್ತು, ಒಳಗಿನ ನಾನು ಅವಳೇ ಇದ್ದೆ. ಅರ್ಧಾಯುಷ್ಯದ ಪಾಠ ಬಂದಾಗ ಮಾತ್ರ ಮೈ ಉರಿಯಿತು. ಕೆಲವು ಪರಮಾಣು ತಾವಾಗಿ ಒಡೆಯುತ್ತವೆ, ಕಾಯಿಸಿದರೂ ಒತ್ತಿದರೂ ಅವುಗಳ ವೇಗ ಬದಲಾಗದು ಎಂದಳು. ಗಾಮಾ ಕಿರಣ ಗೋಡೆಯನ್ನೂ ಹಾದು ಹೋಗಬಲ್ಲದು ಎಂದಳು. ನಾನು ಹೊರಳಿ ಗೋಡೆ ನೋಡಿದೆ.

ಕಿವಿಯಿಂದ ಕಲಿತದ್ದರಲ್ಲಿ ಒಂದು ತೊಡಕಿತ್ತು. ಸಂಕೇತದಲ್ಲಿ ಯಾವ ಅಂಕಿ ಮೇಲೆ, ಯಾವುದು ಕೆಳಗೆ ಎಂದು ಕೈಗೆ ಗೊತ್ತಿರಲಿಲ್ಲ. ಒಂದು ಸಂಜೆ ಎಲ್ಲರೂ ಹೊರಗಿದ್ದಾಗ ತಣ್ಣಗಾದ ಇದ್ದಿಲೊಂದನ್ನು ಎತ್ತಿಕೊಂಡು, ಗೆಳತಿ ಹೊಸ್ತಿಲಾಚೆಯಿಂದ ಹೇಳಿದಂತೆ ಸುಣ್ಣದ ಗೋಡೆಯ ಮೇಲೆ ಬರೆದೆ. ಕಾರ್ಬನ್ ಹನ್ನೆರಡು, ಕಾರ್ಬನ್ ಹದಿನಾಲ್ಕು, ಸುತ್ತ ಎರಡೆರಡು ವೃತ್ತ, ವೃತ್ತದ ಮೇಲೆ ಚುಕ್ಕಿ. ಇದ್ದಿಲೂ ಕಾರ್ಬನ್ನೇ ಅಲ್ಲವೇ ಎಂದು ಇಬ್ಬರೂ ನಕ್ಕೆವು.

ಅದು ಹೆರಿಗೆಯ ಐದನೆಯ ದಿನ ಎಂಬುದು ನನ್ನ ಲಕ್ಷ್ಯಕ್ಕೇ ಬರಲಿಲ್ಲ. ಆ ದಿನ ನಮ್ಮ ಕಡೆ ಸಟವಿಯ ಪೂಜೆ. ಕೂಸಿನ ತಲೆಯ ಬಳಿ ಹಾಳೆ, ಪೆನ್ನು ಇಡುತ್ತಾರೆ, ಸಟವಿ ತಾಯಿ ಬಂದು ಕೂಸಿನ ಹಣೆಬರಹ ಬರೆದು ಹೋಗುತ್ತಾಳೆ. ಯಾರ ಕಣ್ಣಿಗೂ ಕಾಣದಂತೆ ಬರೆಯುವುದು ಅವಳ ವಾಡಿಕೆ. ರಾತ್ರಿ ಪೂಜೆಯ ಹೊಗೆಯಲ್ಲಿ ಯಾರಿಗೂ ಕಾಣದಿದ್ದ ಗೋಡೆ ಮರುದಿನ ಬೆಳಿಗ್ಗೆ ಹೊಗೆ ಹಾಕಲು ಬಂದ ಆಯಿಗೆ ಕಂಡಿತು. ಕೈಲಿದ್ದ ಅಜವಾನ ಅಲ್ಲೇ ಚೆಲ್ಲಿ ಅಡ್ಡಬಿದ್ದಳು. ತಾಸಿನೊಳಗೆ ಓಣಿಯ ಹೆಂಗಸರೆಲ್ಲ ಹೊಸ್ತಿಲಲ್ಲಿ ನೆರೆದು ಕೈಮುಗಿದರು.

ನಾನೇ ಬರೆದದ್ದು ಎಂದು ಬಡಕೊಂಡೆ. ಇದ್ದಿಲ ಮಸಿ ಹತ್ತಿದ ಬೆರಳು ತೋರಿಸಿದೆ. ಆಯಿ ನನ್ನನ್ನು ಕನಿಕರದಿಂದ ನೋಡಿದಳು.

"ಸಟವಿ ತನ್ನ ಕೈಲೆ ಬರೀತಾಳೇನ್ ಬೇ? ಯಾರದರೆ ಕೈ ಹಿಡದು ಬರಸ್ತಾಳ. ಈ ಸಲ ನಿಂದು ಹಿಡದಾಳ."

ಬರಹ ಕಣ್ಣಿಗೆ ಕಂಡ ಮೇಲೆ ತಿಂಗಳು ತುಂಬುವ ತನಕ ತಾಯಿ ಕೂಸು ಹೊಸ್ತಿಲು ದಾಟಕೂಡದು, ದಾಟಿದರೆ ಬರೆದದ್ದು ಅಳಿಸಿಹೋಗುತ್ತದೆ ಎಂದು ಆಯಿ ತೀರ್ಪು ಕೊಟ್ಟಳು. ಅವ್ವ ಟಾಂಗಾದ ಮಾತು ನುಂಗಿಕೊಂಡಳು. ಹೊರಗೆ ಹೋಗಲೆಂದು ಬರೆದ ಕಾರ್ಬನ್ನೇ ನನ್ನನ್ನು ಒಳಗೆ ಹಾಕಿ ಕೀಲಿ ಜಡಿಯಿತು. ಸಿಟ್ಟಿಗೆ ಹಾಲು ಕೂಡ ಬತ್ತೀತೆಂದು ಹೆದರಿದೆ.

ತೊಟ್ಟಿಲಿಗೆ ಹಾಕುವ ದಿನ ಜೇವರ್ಗಿಯಿಂದ ಅತ್ತೆ ಬಂದರು. ಗೋಡೆಯ ಮುಂದೆ ಸೆರಗು ಹೊದ್ದು ನಿಂತು, ಓದಿದವಳು ನೀನೇ ತಾನೆ, ಏನು ಬರೆದಾಳೆ ಓದಿ ಹೇಳು ಎಂದರು. ಇಷ್ಟು ದಿನ ನಿಜ ಹೇಳಿ ಏನು ಬಂತು? ವೃತ್ತಗಳ ಮೇಲೆ ಬೆರಳಾಡಿಸುತ್ತ, ವಿದ್ಯೆ ಬರೆದಾಳೆ, ಈ ಮನೆಯ ಹೆಣ್ಣು ಎಷ್ಟು ಓದುತ್ತೇನೆಂದರೂ ಯಾರೂ ತಡೆಯಬಾರದು ಅಂತ ಬರೆದಾಳೆ ಎಂದು ಧೈರ್ಯವಾಗಿ ಓದಿದೆ. ಅದಕ್ಕೇ ನಾಡಿದ್ದು ನನ್ನನ್ನು ಪರೀಕ್ಷೆಗೆ ಕಳಿಸಬೇಕು ಎಂದೂ ಸೇರಿಸಿದೆ.

ಅತ್ತೆ ನನ್ನ ಮಾತನ್ನು ಪೂರ್ತಿ ನಂಬಿದರು. ತೊಟ್ಟಿಲಲ್ಲಿದ್ದ ಕೂಸಿನ ಗಲ್ಲ ಮುಟ್ಟಿ ದೃಷ್ಟಿ ತೆಗೆದರು.

"ಓದ್ಲಿ ನನ್ನವ್ವ, ಓದ್ಲಿ. ಆದ್ರ ಇದು ಕೂಸಿನ ಬರಹ. ನಿಂದೇನದ ಇದರಾಗ?"

ಪರೀಕ್ಷೆ ನಡೆದದ್ದು ನಮ್ಮೂರ ಕಾಲೇಜಿನಲ್ಲೇ. ಗಂಟೆ ಬಾರಿಸಿದ್ದು ಹತ್ತಿ, ಬಟ್ಟೆ, ಗೋಣಿಚೀಲ ದಾಟಿ ಕೇಳಿಸಿತು. ಮಧ್ಯಾಹ್ನ ಗೆಳತಿ ಯಾರದೋ ಪ್ರಶ್ನೆಪತ್ರಿಕೆ ಇಸಿದುಕೊಂಡು ಬಂದು ಹೊಸ್ತಿಲಾಚೆ ಕುಳಿತು ಒಂದೊಂದಾಗಿ ಕೇಳಿದಳು. ಮಲಗಿದಲ್ಲಿಂದಲೇ ಉತ್ತರ ಹೇಳಿದೆ. ಕಡೆಗೆ ಅವಳು ಪತ್ರಿಕೆ ಮಡಚಿ, "ಪಾಸಾಗ್ತಿದ್ದಿ ಬೇ" ಎಂದಳು. ಅವಳ ಮುಂದೆಯೇ ನಾನು ಅತ್ತುಬಿಟ್ಟೆ.

ಮಗಳ ಓದಿಗೆ ಗಂಡನ ಮನೆಯಲ್ಲಿ ಯಾರೂ ಎಂದೂ ಅಡ್ಡ ಬರಲಿಲ್ಲ. ತೊಂಬತ್ತರ ದಶಕದಲ್ಲಿ ಬಿಎಸ್ಸಿಗೆಂದು ಕಲಬುರ್ಗಿಗೆ ಹೊರಟಾಗ ಅವಳ ಟ್ರಂಕನ್ನು ಮಾವನವರೇ ಬಸ್ಸಿಗೆ ಏರಿಸಿದರು. ಅತ್ತೆ ಕಣ್ಣೊರೆಸಿಕೊಂಡರು. ನನಗೆ ಸಂತೋಷವಾಯಿತು. ಹೊಟ್ಟೆಕಿಚ್ಚೂ ಆಯಿತು, ಹೆತ್ತ ಮಗಳ ಮೇಲೆ. ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ ನಗುನಗುತ್ತಲೇ ಕೈ ಬೀಸಿ, ಮನೆಗೆ ಬಂದು ರೊಟ್ಟಿ ಬಡಿಯಲು ಕುಳಿತೆ.